ಒಂದು ಅಕ್ಷರಕ್ಕೆ ಹಡಗು ತಪ್ಪಿತು

ಮಾನ್ಯ ಸಂಪಾದಕರೇ,

ಮಸಾಲೆ ರಫ್ತು ಹೆಚ್ಚಬೇಕಾದರೆ ವ್ಯಾಪಾರಿಗಳು ಮೊದಲು ಗುಣಮಟ್ಟ ಕಾಯ್ದುಕೊಳ್ಳಲಿ ಎಂದು ಅಧಿಕಾರಿಗಳು ಬುದ್ಧಿ ಹೇಳಿದ ಮಂಗಳವಾರದ ವರದಿಯನ್ನು ಓದಿದೆ. ಓದಿದ್ದು ಅಂಥದೇ ಒಂದು ಕಚೇರಿಯ ಬೆಂಚಿನ ಮೇಲೆ, ರಫ್ತಿನ ಕಾಗದಕ್ಕಾಗಿ ಟೋಕನ್ ಹಿಡಿದು ಕೂತ ಮೂರನೆಯ ದಿನ. ಮೈ ಉರಿಯಿತು.

ನನ್ನದು ಸಣ್ಣ ವ್ಯಾಪಾರ. ಬ್ಯಾಡಗಿ ಮೆಣಸಿನಕಾಯಿ, ಕೊಡಗಿನ ಕಾಳುಮೆಣಸು. ಈ ಸಲ ಜರ್ಮನಿಗೆ ಮೆಣಸಿನಕಾಯಿ ಹೋಗಬೇಕಿತ್ತು. ತೊಟ್ಟು ಬಿಡಿಸಿ, ಬಣ್ಣ ಮಾಸಿದ್ದನ್ನೆಲ್ಲ ಕೈಯಲ್ಲೇ ಆರಿಸಿ ತೆಗೆಸಿದ್ದೆ. ಕ್ರಿಮಿ ಕೊಲ್ಲಲು ಹಾಯಿಸುವ ಎಥಿಲೀನ್ ಆಕ್ಸೈಡ್ ಅನಿಲ ಹತ್ತಿರವೂ ಸುಳಿಯಬಾರದೆಂದು ಹಬೆಯಲ್ಲೇ ಶುದ್ಧಿ ಮಾಡಿಸಿದ್ದೆ. ಖರ್ಚು ಹೆಚ್ಚಾದರೂ ಸರಿ ಅಂದುಕೊಂಡು. ಐರೋಪ್ಯ ಒಕ್ಕೂಟದಲ್ಲಿ ಮಸಾಲೆಗೆ ಅದರ ಮಿತಿ ಕೆ.ಜಿ.ಗೆ 0.1 ಮಿಲಿಗ್ರಾಂ. ಮೆಣಸಿನಕಾಯಿಯಲ್ಲಿ ಅಫ್ಲಟಾಕ್ಸಿನ್, ಅಂದರೆ ಬೂಷ್ಟಿನಿಂದ ಬರುವ ವಿಷ, ಕೆ.ಜಿ.ಗೆ ಒಟ್ಟು 10 ಮೈಕ್ರೊಗ್ರಾಂ ದಾಟುವಂತಿಲ್ಲ. ಎರಡರಲ್ಲೂ ನನ್ನ ಮಾಲು ಪಾಸಾಗಿತ್ತು. ತಡೆದದ್ದು ಏನೆಂದರೆ, ಇನ್‌ವಾಯ್ಸಿನಲ್ಲಿ ಬ್ಯಾಡಗಿಯ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ‘ಎ’ ಕಡಿಮೆ ಇತ್ತು, ಮಾದರಿ ಪೊಟ್ಟಣದ ಚೀಟಿಯಲ್ಲಿ ಇತ್ತು. ಊರು ಅದೇ, ಕಾಯಿ ಅದೇ, ಪೊಟ್ಟಣದ ಸೀಲೂ ಅದೇ.

ಮೊದಲ ದಿನ ಹೊಸ ಅರ್ಜಿ ಹಾಕಿ ಅಂದರು. ಎರಡನೆಯ ದಿನ ಸರ್ವರ್ ಡೌನ್. ಮೂರನೆಯ ದಿನ ಸಹಿ ಹಾಕುವ ಸಾಹೇಬರು ಮೀಟಿಂಗಿನಲ್ಲಿ. ಯಶವಂತಪುರದಿಂದ ದಿನಕ್ಕೆರಡು ಸಲ ಓಡಾಡಿದೆ. ಮಳೆಯಲ್ಲಿ ಫೈಲು ನೆಂದು ಜೆರಾಕ್ಸಿನ ಶಾಯಿ ಕೈಗೆ ಹತ್ತಿತು, ಮತ್ತೆ ಅಷ್ಟನ್ನೂ ಜೆರಾಕ್ಸ್ ಮಾಡಿಸಿದೆ. ಮಗಳ ಶಾಲೆಯ ಸಭೆಗೂ ಹೋಗಲಾಗಲಿಲ್ಲ. ‘ಸಾರ್, ಗುರುವಾರದೊಳಗೆ ಕಂಟೇನರ್ ಚೆನ್ನೈ ಬಂದರಿನ ಒಳಗಿರಬೇಕು’ ಎಂದರೆ ಕೌಂಟರಿನಲ್ಲಿದ್ದವರು ತಲೆ ಎತ್ತದೆ, ‘ಮುಂದಿನ ಹಡಗು ಇಲ್ವೇನ್ರೀ?’ ಅಂದರು.

ಇದೆ ಸ್ವಾಮಿ, ಹಡಗಿದೆ. ಕೊಳ್ಳುವವನು ಇರುವುದಿಲ್ಲ. ಹೋದ ವರ್ಷ ಕಾಳುಮೆಣಸಿನಲ್ಲಿ ಹೀಗೇ ಒಬ್ಬ ಗಿರಾಕಿ ಕೈತಪ್ಪಿದ. ಲೀಟರಿಗೆ 550 ಗ್ರಾಂ ತೂಗುವ ಒಳ್ಳೆಯ ಕಾಳು ಕೈಯಲ್ಲಿಟ್ಟುಕೊಂಡು ನಾನು ಕಾಗದಕ್ಕಾಗಿ ಕಾಯುತ್ತಿದ್ದಾಗ ಅವನು ವಿಯೆಟ್ನಾಮಿಗೆ ಫೋನ್ ಮಾಡಿದ. ಕಾಳುಮೆಣಸಿನ ರಫ್ತಿನಲ್ಲಿ ಅವರೇ ಜಗತ್ತಿಗೆ ಮೊದಲಿಗರು. ಏಲಕ್ಕಿ ಹುಟ್ಟಿದ್ದು ನಮ್ಮ ಘಟ್ಟದಲ್ಲಿ, ಮಾರುಕಟ್ಟೆ ಹಿಡಿದವರು ಗ್ವಾಟೆಮಾಲಾದವರು.

ತಪಾಸಣೆ ಬೇಡ ಎಂದು ನಾನು ಹೇಳುತ್ತಿಲ್ಲ. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ನಮ್ಮ ಮಸಾಲೆ ಪುಡಿಗಳನ್ನು ತಡೆದಾಗ ನಮಗೆಲ್ಲ ತಲೆ ತಗ್ಗಿಸುವಂತಾಯಿತು. ಪರೀಕ್ಷೆ ಬಿಗಿಯಾಗಲಿ. ಆದರೆ ಪಾಸಾದ ಮಾಲನ್ನು ಯಾಕೆ ಕೊಳೆಹಾಕುತ್ತೀರಿ?

ಈರುಳ್ಳಿಯ ಕಥೆಯೂ ಇದೇ. ಬೆಂಗಳೂರು ರೋಸ್ ಈರುಳ್ಳಿಗೆ 2015ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಅದನ್ನು ನಮ್ಮೂರಿನವರು ಹೆಚ್ಚು ತಿನ್ನುವುದಿಲ್ಲ, ಮಲೇಷ್ಯಾ, ಸಿಂಗಪುರದವರು ತಿನ್ನುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದವರು ಉಳಿದ ಈರುಳ್ಳಿಯ ಜೊತೆ ಅದರ ರಫ್ತನ್ನೂ ನಿಲ್ಲಿಸಿದರು, ಅಕ್ಟೋಬರಿನಲ್ಲಿ 10,000 ಟನ್ ಬಿಟ್ಟರು, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರ ಆಗಸ್ಟಿನಲ್ಲಿ ಶೇ 40 ಸುಂಕ, ಮುಂದಿನ ತಿಂಗಳು ವಿನಾಯಿತಿ, ಡಿಸೆಂಬರಿನಲ್ಲಿ ಮತ್ತೆ ನಿಷೇಧ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಭಾವನವರು ಆ ಬೆಳೆಯನ್ನೇ ಬಿಟ್ಟರು. ಯಾವಾಗ ಬಾಗಿಲು ತೆಗೆಯುತ್ತಾರೆ, ಯಾವಾಗ ಹಾಕುತ್ತಾರೆ ಎಂದು ಗೊತ್ತಿಲ್ಲದೆ ಯಾವ ರೈತ ಬಿತ್ತುತ್ತಾನೆ?

ಆ ಕೌಂಟರಿನಲ್ಲಿ ಅಕ್ಷರ ತಿದ್ದುವ ಅಧಿಕಾರವಿರುವ ಒಬ್ಬರನ್ನು ಕೂರಿಸಿ. ಇಲ್ಲವೇ ಶನಿವಾರವೂ ತೆರೆಯಿರಿ. ಎರಡೂ ಆಗದಿದ್ದರೆ ನಮಗೆ ಬುದ್ಧಿ ಹೇಳುವುದನ್ನಾದರೂ ನಿಲ್ಲಿಸಿ. ಈ ಪತ್ರ ಬರೆಯುವ ಹೊತ್ತಿಗೂ ನನ್ನ ಮೂಟೆಗಳು ಗೋದಾಮಿನಲ್ಲೇ ಇವೆ, ಬಾಡಿಗೆ ಏರುತ್ತಿದೆ.

– ಒಬ್ಬ ಸಣ್ಣ ರಫ್ತುದಾರ, ರಾಜಾಜಿನಗರ, ಬೆಂಗಳೂರು