ಸುದ್ದಿಯ ದೃಶ್ಯಗಳಿಗೆ ದಿನಾಂಕವಿರಲಿ

ಮಾನ್ಯ ಸಂಪಾದಕರೇ,

ಸಾಕ್ಷ್ಯಚಿತ್ರವೆಂದರೆ ಇದ್ದದ್ದನ್ನು ಇದ್ದಂತೆ ತೋರಿಸುವುದೆಂದು ನಂಬುವವರು ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ತೆರೆಗೆ ತಂದ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ಗಮನಿಸಬೇಕು. ಆ ವೇಳೆಗಾಗಲೇ ಬಂದೂಕು ಬಳಸುತ್ತಿದ್ದ, ಉತ್ತರ ಧ್ರುವ ಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಬೇಟೆಗಾರರು ನಿರ್ದೇಶಕರ ಅಪೇಕ್ಷೆಯಂತೆ ಈಟಿ ಹಿಡಿದರು. ಒಳಗೆ ಬೆಳಕು ಸಾಲದೆಂದು ಹಿಮದ ಮನೆಯ ಒಂದು ಬದಿಯನ್ನು ತೆರೆದಿಡಲಾಯಿತು. ಕಥಾನಾಯಕನ ಹೆಸರೂ ಅವನದಲ್ಲ. ಆದರೂ ಅಲ್ಲಿನ ಚಳಿ ನಿಜವೇ ಆದ್ದರಿಂದ ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕಲಾಗದು, ತೊಡಕಿರುವುದೂ ಅಲ್ಲಿಯೇ. ಹಳೆಯ ದೃಶ್ಯಕ್ಕೆ ಹೊಸ ಸುದ್ದಿಯನ್ನೂ ರೋಚಕ ಸಂಗೀತವನ್ನೂ ಜೋಡಿಸುವ ಸುದ್ದಿವಾಹಿನಿಗಳಿಗೆ ಅಷ್ಟು ಶ್ರಮವೂ ಬೇಕಿಲ್ಲ. ಸಂಗ್ರಹದಿಂದ ತೆಗೆದ ದೃಶ್ಯವಾದರೆ ಅದರ ದಿನಾಂಕವನ್ನು, ಮರುಸೃಷ್ಟಿಯಾದರೆ ಆ ಸಂಗತಿಯನ್ನು, ದೃಶ್ಯವಿರುವಷ್ಟು ಹೊತ್ತೂ ಓದಲು ಬರುವಂಥ ದೊಡ್ಡ ಅಕ್ಷರಗಳಲ್ಲಿ ತೆರೆಯ ಮೇಲೆ ತೋರಿಸುವುದನ್ನು ವಾಹಿನಿಗಳು ಕಡ್ಡಾಯ ಮಾಡಿಕೊಳ್ಳಬೇಕು.

– ಓದುಗ