ಮಾತ್ರೆ ಕಂಪನಿಗಳ ದುಡ್ಡು ಚಿಕಿತ್ಸೆಗೇ ಹೋಗ್ಲಿ

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ನೋವಿನ ಮಾತ್ರೆ ಕಂಪನಿಗಳು ಸಾವಿರಾರು ಕೋಟಿ ಡಾಲರ್ ಪರಿಹಾರ ಕೊಡ್ತಿವೆ ಅನ್ನೋ ಸುದ್ದಿ ಓದಿ ಹಾಸನದಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು, "ನಿಂಗೂ ಏನಾದ್ರೂ ಬರುತ್ತೇನೋ?" ಅಂತ. ನಂಗೇನೂ ಬರಲ್ಲ, ಆದ್ರೆ ಅವತ್ತು ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿ ಹೇಳ್ಬೇಕು ಅನ್ನಿಸ್ತು, ಯಾಕಂದ್ರೆ ನಿಮ್ಮ ಓದುಗರಲ್ಲಿ ಎಷ್ಟೋ ಜನರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಇದಾರೆ.

ಕಥೆ ಶುರುವಾಗಿದ್ದು 1996ರಲ್ಲಿ, ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಅನ್ನೋ ಮಾತ್ರೆ ಮಾರ್ಕೆಟ್ಟಿಗೆ ಬಿಟ್ಟಾಗ. ಅಫೀಮಿನ ಜಾತಿಗೇ ಸೇರಿದ ಮಾತ್ರೆ ಅದು, ಆದ್ರೂ ಚಟ ಅಷ್ಟು ಸುಲಭಕ್ಕೆ ಹತ್ತಲ್ಲ ಅಂತ ಡಾಕ್ಟರುಗಳನ್ನ ನಂಬ್ಸಿದ್ರು. 2007ರಲ್ಲಿ ಕಂಪನಿ ಕೋರ್ಟಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ತು, ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಬೆನ್ನುನೋವಿಗೆ ಅಂತ ಮಾತ್ರೆ ಶುರುಮಾಡಿದ ಎಷ್ಟೋ ಜನ ಅದು ಸಿಗದಿದ್ದಾಗ ಹೆರಾಯಿನ್ನಿಗೆ ಹೋದ್ರು, ಆಮೇಲೆ ಅದಕ್ಕಿಂತ ಎಷ್ಟೋ ಪಟ್ಟು ಜೋರಾದ ಫೆಂಟನಿಲ್ ಅನ್ನೋ ಡ್ರಗ್ ಬಂತು. 2021ರಿಂದ 2023ರವರೆಗೆ ವರ್ಷಕ್ಕೆ 1 ಲಕ್ಷಕ್ಕಿಂತ ಜಾಸ್ತಿ ಜನ ಡ್ರಗ್ ಓವರ್‌ಡೋಸಿಂದ ಸತ್ತಿದಾರೆ. 2024ರಲ್ಲಿ ಅದು ಸುಮಾರು 80 ಸಾವಿರಕ್ಕೆ ಇಳೀತು, ಇದನ್ನ ಇಲ್ಲಿ ಒಳ್ಳೆ ಸುದ್ದಿ ಅಂತ ಹೇಳ್ಬೇಕಾದ ಪರಿಸ್ಥಿತಿ ನೋಡಿ.

ರಾಜ್ಯಗಳು, ಕೌಂಟಿಗಳು (ನಮ್ಮ ಜಿಲ್ಲೆ ಥರ ಅಂದ್ಕೊಳಿ) ಎಲ್ಲ ಸೇರಿ ಕೇಸ್ ಹಾಕಿ ಹಾಕಿ ಕೊನೆಗೆ ಒಟ್ಟು 5 ಸಾವಿರ ಕೋಟಿ ಡಾಲರಿಗೂ ಜಾಸ್ತಿ ಕೊಡಕ್ಕೆ ಕಂಪನಿಗಳು ಒಪ್ಪಿದಾವೆ, ತಯಾರಿಸಿದವರು, ಸಪ್ಲೈ ಮಾಡಿದವರು, ಔಷಧಿ ಅಂಗಡಿ ಚೈನುಗಳು ಎಲ್ಲ. ಮೂರು ದೊಡ್ಡ ಡಿಸ್ಟ್ರಿಬ್ಯೂಟರುಗಳು ಕೊಡೋ ದುಡ್ಡೇ 18 ವರ್ಷ ಕಂತು ಕಂತಾಗಿ ಬರುತ್ತೆ. ಆ ಒಪ್ಪಂದದಲ್ಲಿ ಕನಿಷ್ಠ 85% ಈ ಪಿಡುಗು ಸರಿಪಡಿಸೋಕೇ ಬಳಸ್ಬೇಕು ಅಂತಿದೆ. ಆದ್ರೆ "ಸರಿಪಡಿಸೋದು" ಅಂದ್ರೆ ಏನು ಅನ್ನೋದು ರಬ್ಬರ್ ಬ್ಯಾಂಡ್ ಇದ್ದಂಗೆ, ಎಳೆದಷ್ಟು ಬರುತ್ತೆ. ಟೆನಿಸ್ಸಿಯ ಗ್ರೀನ್ ಕೌಂಟಿ ತನಗೆ ಬಂದ ದುಡ್ಡಲ್ಲಿ ದೊಡ್ಡ ಪಾಲನ್ನ ಹಳೇ ಸಾಲ ತೀರ್ಸಕ್ಕೆ ಹಾಕಿದ್ದು ಪೇಪರಲ್ಲೆಲ್ಲ ಬಂದಿತ್ತು. ಇದೇನು ಹೊಸದಲ್ಲ. 1998ರಲ್ಲಿ ಸಿಗರೇಟ್ ಕಂಪನಿಗಳು 46 ರಾಜ್ಯಗಳಿಗೆ 25 ವರ್ಷದಲ್ಲಿ 20 ಸಾವಿರ ಕೋಟಿ ಡಾಲರಿಗೂ ಮೇಲೆ ಕೊಡ್ತೀವಿ ಅಂತ ಒಪ್ಪಿದ್ವು, ಅದ್ರಲ್ಲಿ ಸಿಗರೇಟ್ ಬಿಡ್ಸೋ ಕೆಲ್ಸಕ್ಕೆ ಹೋಗಿದ್ದು ಚೂರುಪಾರು, ಮಿಕ್ಕಿದ್ದು ಬಜೆಟ್ ತೂತು ಮುಚ್ಚಕ್ಕೆ ಹೋಯ್ತು.

ನಾನಿರೋ ನಾರ್ತ್ ಕ್ಯಾರೊಲಿನಾದಲ್ಲಿ ಸ್ವಲ್ಪ ಬುದ್ಧಿ ಉಪಯೋಗಿಸಿದಾರೆ ಅಂತ ಹೇಳ್ಬೇಕು. ದುಡ್ಡಲ್ಲಿ 85% ನೇರ ಕೌಂಟಿ, ಊರುಗಳಿಗೆ ಹೋಗುತ್ತೆ, 15% ಮಾತ್ರ ರಾಜ್ಯಕ್ಕೆ. ಖರ್ಚು ಮಾಡೋ ಮುಂಚೆ ಕೌಂಟಿ ಬೋರ್ಡು ಇಷ್ಟು ದುಡ್ಡು ಇಂಥದ್ದಕ್ಕೆ ಅಂತ ನಿರ್ಣಯ ಪಾಸ್ ಮಾಡ್ಬೇಕು, ಲೆಕ್ಕ ಆನ್‌ಲೈನಲ್ಲಿ ಯಾರು ಬೇಕಾದ್ರೂ ನೋಡ್ಬೋದು, ವರ್ಷಕ್ಕೊಂದು ಮೀಟಿಂಗ್ ಕರೀಲೇಬೇಕು.

ಹೋದ ಸಲದ ಮೀಟಿಂಗಿಗೆ ನಾನು ಹೋಗಿದ್ದೆ. ಯುಗಾದಿ ಊಟಕ್ಕೆ ಇಲ್ಲಿ ಎಷ್ಟು ಕನ್ನಡದವರು ಸೇರ್ತೀವಿ ಅಂದ್ರೆ ಹೋಳಿಗೆ ಸಾಲಲ್ಲ, ಅಲ್ಲಿ ಮಾತ್ರ ನಾನೊಬ್ನೇ. ಚಟದಿಂದ ಹೊರಗೆ ಬಂದ ಒಬ್ರು ಎದ್ದು ನಿಂತು ಕೇಳಿದ್ದು ಬಸ್ ಪಾಸ್! ಮೊದ್ಲು ನಂಗೆ ಅರ್ಥ ಆಗ್ಲಿಲ್ಲ. ಆಮೇಲೆ ಗೊತ್ತಾಯ್ತು, ಈ ಚಟಕ್ಕೆ ಚಿಕಿತ್ಸೆಯಾಗಿ ಕೊಡೋ ಮೆಥಡೋನ್ ಔಷಧಿ ಅಂಗಡೀಲಿ ಸಿಗಲ್ಲ, ಅದಕ್ಕೇ ಇರೋ ಕ್ಲಿನಿಕ್ಕಿಗೆ ಹೋಗ್ಬೇಕು, ಶುರುವಿನಲ್ಲಿ ಹೆಚ್ಚುಕಮ್ಮಿ ದಿನಾ. ಈ ದೇಶದಲ್ಲಿ ಕಾರಿಲ್ದೋರು ಬೆಳಗ್ಗೆ ಕ್ಲಿನಿಕ್ಕಿಗೆ ಹೋಗಿ ಟೈಮಿಗೆ ಸರಿಯಾಗಿ ಕೆಲ್ಸಕ್ಕೆ ಹೋಗೋದು ಹೆಂಗೆ?

ನನ್ನ ಪ್ರಕಾರ ದುಡ್ಡು ಹೋಗ್ಬೇಕಾಗಿರೋದು ಇಂಥದ್ದಕ್ಕೆ. ಮೆಥಡೋನ್, ಇದೇ ಚಟಕ್ಕೆ ಕೊಡೋ ಇನ್ನೊಂದು ಔಷಧಿ ಬ್ಯುಪ್ರೆನಾರ್ಫಿನ್ ತಗೊಳ್ಳೋರಲ್ಲಿ ಸಾವು ಸುಮಾರು ಅರ್ಧದಷ್ಟು ಕಮ್ಮಿ ಆಗುತ್ತೆ. ಬ್ಯುಪ್ರೆನಾರ್ಫಿನ್ ನಮ್ಮ ನಿಮ್ಹಾನ್ಸಲ್ಲೂ ಕೊಡ್ತಾರೆ. ಆದ್ರೂ ಇಲ್ಲಿನವರೂ ಸರಿ ನಮ್ಮವರೂ ಸರಿ "ಒಂದು ಚಟ ಬಿಡ್ಸಕ್ಕೆ ಇನ್ನೊಂದು ಚಟ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕು" ಅಂತಾರೆ. ದಿನಾ ಶುಗರ್ ಮಾತ್ರೆ ನುಂಗೋ ನಮ್ಮಪ್ಪಂಗೆ ಯಾರೂ ಹಂಗೆ ಹೇಳಿದ್ದು ನಾನು ಕೇಳಿಲ್ಲ.

ಇನ್ನೊಂದು ಜೈಲು. ಇದೇ ರಾಜ್ಯದಲ್ಲಿ ನಡೆದ ಅಧ್ಯಯನ ಪ್ರಕಾರ ಜೈಲಿಂದ ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಓಪಿಯಾಯ್ಡ್ (ಅಫೀಮಿನ ಜಾತಿಯ ಡ್ರಗ್) ಓವರ್‌ಡೋಸಿಂದ ಸಾಯೋ ಸಾಧ್ಯತೆ ಬೇರೆಯವರಿಗಿಂತ 40 ಪಟ್ಟು. ಒಳಗಿದ್ದಷ್ಟು ದಿನ ಡ್ರಗ್ ಇಲ್ದೆ ಮೈಗೆ ತಡ್ಕೊಳ್ಳೋ ಶಕ್ತಿ ಹೋಗಿರುತ್ತೆ, ಹೊರಗೆ ಬಂದು ಹಳೇ ಡೋಸೇ ತಗೊಂಡ್ರೆ ಮುಗೀತು. ಜೈಲೊಳಗೇ ಚಿಕಿತ್ಸೆ ಶುರುಮಾಡಿ, ಬಿಡೋ ದಿನ ಕೈಗೆ ನಾಲೋಕ್ಸೋನ್ ಸ್ಪ್ರೇ (ಓವರ್‌ಡೋಸ್ ಆದೋರ ಮೂಗಿಗೆ ಹೊಡೆದು ಜೀವ ಉಳಿಸೋ ಔಷಧಿ) ಕೊಟ್ಟು ಕಳ್ಸೋಕೂ ಈ ದುಡ್ಡು ಹಾಕ್ಬೇಕು.

ತಡೆಗಟ್ಟೋದು ಅಂದ ತಕ್ಷಣ ಶಾಲೇಲಿ ಭಾಷಣ ಪೋಸ್ಟರ್ ಅಂತ ಹೊರಡ್ತಾರೆ, ನಂಗೆ ಅದ್ರಲ್ಲಿ ಅಷ್ಟು ನಂಬಿಕೆ ಇಲ್ಲ. ನಮ್ಮನೇಲೇ ಆಗಿದ್ದು ಹೇಳ್ತೀನಿ. ಮಗಂಗೆ ಬುದ್ಧಿಹಲ್ಲು ಕೀಳಿಸ್ದಾಗ ಹೈಡ್ರೋಕೋಡೋನ್ ಅನ್ನೋ ಇದೇ ಜಾತಿಯ ನೋವಿನ ಮಾತ್ರೆ ಬರ್ಕೊಟ್ರು, ಅವನು ಎರಡು ತಗೊಂಡ, ಆಮೇಲೆ ಐಬುಪ್ರೊಫೇನಲ್ಲೇ ನೋವು ಹೋಯ್ತು. ಮಿಕ್ಕ ಡಬ್ಬಿ ಎರಡು ವರ್ಷ ಬಾತ್‌ರೂಮ್ ಕಪಾಟಲ್ಲಿ ಹಂಗೇ ಇತ್ತು. ಮನೆ ತುಂಬ ಹುಡುಗರು ಬಂದು ಹೋಗ್ತಿದ್ರು, ಯಾರಾದ್ರೂ ತಗೊಂಡಿದ್ರೆ? ಕೊನೆಗೆ ಔಷಧಿ ಅಂಗಡೀಲಿ ವಾಪಸ್ ಹಾಕೋ ಡಬ್ಬ ಇರುತ್ತಲ್ಲ, ಅದಕ್ಕೆ ಹಾಕಿ ಬಂದೆ. ಇಲ್ಲಿ ಮಕ್ಕಳಿರೋರು ಒಂದ್ಸಲ ಫೋನ್ ಮಾಡಿ ನಿಮ್ಮನೆ ಕಪಾಟಲ್ಲಿ ಏನಿದೆ ನೋಡು ಅಂತ ಹೇಳಿ. ನಾಲೋಕ್ಸೋನ್ 2023ರಿಂದ ಚೀಟಿ ಇಲ್ದೇನೂ ಸಿಗುತ್ತೆ, ಅದೊಂದು ಮನೇಲಿಟ್ಕೊಳ್ಳಿ ಅಂತಾನೂ ಹೇಳಿ. "ನಮ್ಮ ಹುಡುಗರು ಅಂಥವರಲ್ಲ" ಅನ್ನೋರಿಗೆ ಎರಡು ಸಲ ಹೇಳಿ.

ಮುಂದಿನ ಮೀಟಿಂಗಲ್ಲಿ ಮಾತಾಡೋಣ ಅಂತಿದೀನಿ, ಮೂರು ನಿಮಿಷ ಕೊಡ್ತಾರೆ. ಬಸ್ ಪಾಸ್ ಏನಾಯ್ತು ಅಂತ ಮೊದ್ಲು ಕೇಳ್ತೀನಿ. ಈ ಕಡೆ ಇರೋ ಕನ್ನಡದವರು ಇನ್ನೊಂದು ನಾಲ್ಕು ಜನ ಬಂದ್ರೆ ಒಂದೇ ಕಾರಲ್ಲಿ ಹೋಗ್ಬೋದು.

ಇತಿ,
ಹಾಸನ ಕಡೆಯ ಒಬ್ಬ ಓದುಗ, ನಾರ್ತ್ ಕ್ಯಾರೊಲಿನಾ