ಕಪ್ಪು ಹಾಳೆ ಕತ್ತರಿಸಿಕೊಟ್ಟವರಿಗೆ

ಫೋಟೋ ಪ್ರಿಂಟ್ ಮಾಡುವ ಡಾರ್ಕ್‌ರೂಮಿನಲ್ಲಿ ಪಕ್ಕದ ಎನ್‌ಲಾರ್ಜರ್ (ನೆಗೆಟಿವ್ ಚಿತ್ರವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಯಂತ್ರ) ಮುಂದೆ ನಿಂತಿದ್ದವರೇ, ನಿಮ್ಮ ಹೆಸರು ಕೇಳುವುದೇ ಮರೆತೆ. ಆ ಕೆಂಪು ಬೆಳಕಲ್ಲಿ ಮುಖವೂ ಸರಿಯಾಗಿ ಕಾಣಲಿಲ್ಲ.

ನನ್ನ ಪ್ರಿಂಟ್‌ಗಳಲ್ಲಿ ಬಿಳಿಯೆಲ್ಲ ಬೂದು ಬರುತ್ತಿತ್ತು. ಸುಮ್ನೆ ಕಾಗದದ ಮೇಲೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣವನ್ನು ಬೈಯುತ್ತಿದ್ದೆ, ಎರಡು ಸಲ ಚೆಲ್ಲಿಯೂ ಆಗಿತ್ತು. ನೀವು ಫಿಲ್ಮ್ ಹಿಡಿದಿಡುವ ಚೌಕಟ್ಟು, ಅಂದರೆ ಕ್ಯಾರಿಯರ್, ಹೊರಗೆಳೆದು ನಕ್ಕಿರಿ. 6×6 ಸೆಂ.ಮೀ. ಕಿಂಡಿಯಲ್ಲಿ 35 ಎಂಎಂ ಫಿಲ್ಮ್! ಫ್ರೇಮ್ ಇರುವುದು ಬರೀ 24×36 ಮಿ.ಮೀ. ಉಳಿದ ಜಾಗದಿಂದ, ಅಂಚಿನ ತೂತುಗಳಿಂದ ಬೆಳಕು ನುಗ್ಗಿ, ಅಲ್ಲಿ ಇಲ್ಲಿ ಬಡಿದು ಕಾಗದದ ಮೇಲೆ ಬೀಳುತ್ತಿತ್ತು.

ಆ ಬೆಳಕು ತಡೆಯುವ ಮಾಸ್ಕ್ ಆಗಿ, ಕಪ್ಪು ಹಾಳೆಗೆ ಬ್ಲೇಡಿನಿಂದ ಫ್ರೇಮಿನಷ್ಟೇ ಕಿಂಡಿ ಕೊರೆದಿರಿ. ಅಂಚಿನ ಎಳೆಗಳನ್ನು ಉಗುರಿನಿಂದ ಸವರಿದಿರಿ, ಇಲ್ಲದಿದ್ದರೆ ಅವೂ ದೊಡ್ಡದಾಗಿ ಕಾಣುತ್ತವೆ ಅಲ್ವಾ. ಮುಂದಿನ ಪ್ರಿಂಟ್‌ನಲ್ಲಿ ಮಗಳ ಫ್ರಾಕ್ ಬೆಳ್ಳಗೆ ಬಂತು.

ಆ ಮಾಸ್ಕ್ ಇನ್ನೂ ಬಳಸುತ್ತಿದ್ದೇನೆ. ಒಂದು ಮೂಲೆ ಕೊಂಚ ಸೊಟ್ಟ, ಸರಿಮಾಡಲು ಮನಸ್ಸಿಲ್ಲ. ತುಂಬಾ ಥ್ಯಾಂಕ್ಸ್ ರೀ.